ತೋಳಿಗಿಂತ ಅಗಲದ ಹ್ಯಾಂಡಲ್

ನಮ್ಮ ಊರಿನಲ್ಲಿ ಮನೆಯವರು ಯಾರಾದರೂ ತೀರಿಕೊಂಡರೆ ಉಳಿದವರ ತೋಳು ಬೆಳೆಯುತ್ತದೆ. ಒಂದು ಬೆರಳಗಲವೋ ಎರಡೋ, ಅವರವರ ಸಂಕಟಕ್ಕೆ ತಕ್ಕಷ್ಟು. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ, ಅಲ್ಲಿ ಅತ್ತು ಕಣ್ಣು ಒರೆಸಿಕೊಂಡರೆ ಮುಗಿಯಿತಂತೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ, ನಂಬಿಕೆ ಬಂದ ಮೇಲೆ ಹೊಟ್ಟೆಕಿಚ್ಚಾಯಿತು.

ನಾನು ದರ್ಜಿ. ನೀಲಕ್ಕ ಎಂದರೆ ಸಾಕು, ಅಂಗಡಿ ತೋರಿಸುತ್ತಾರೆ. ತೋಳು ಬೆಳೆದವರು ಮೊದಲು ಬರುವುದು ನನ್ನ ಹತ್ತಿರ. ಅದಕ್ಕೇ ಅಂಗಿ ಹೊಲಿಯುವಾಗಲೇ ತೋಳಿನ ತುದಿಯಲ್ಲಿ ಒಂದಿಷ್ಟು ಬಟ್ಟೆಯನ್ನು ಒಳಗೆ ಮಡಚಿಟ್ಟಿರುತ್ತೇನೆ. ಮದುಮಗನ ಅಂಗಿಗೂ ಹಾಗೆಯೇ. ಬೀಗರು ಆ ಮಡಿಕೆ ನೋಡಿ ಮುಖ ಗಂಟು ಹಾಕಿಕೊಳ್ಳುತ್ತಾರೆ, ಆದರೆ ಕತ್ತರಿಸಿ ಬಿಸಾಕು ಎನ್ನುವ ಎದೆ ಇದುವರೆಗೆ ಯಾರಿಗೂ ಬಂದಿಲ್ಲ.

ನನ್ನ ಕೈಯಿಂದ ಆ ಮಡಿಕೆ ಬಿಡಿಸಿಕೊಂಡವರು ನೇರ ಎದುರಿನ ದಾವಲಸಾಬನ ಸೈಕಲ್ ಅಂಗಡಿಗೆ ಹೋಗುತ್ತಾರೆ. ಊರಿರುವುದು ಗುಡ್ಡದ ಬೆನ್ನಿನ ಮೇಲೆ. ಮೇಲೆ ಕಲ್ಲಿನ ಖಣಿ, ಕೆಳಗೆ ಹೊಳೆ, ನಡುವೆ ಬರೀ ಬೆಣಚುಕಲ್ಲಿನ ದಾರಿ. ಜೀಪು ಹತ್ತುವುದಿಲ್ಲ, ಎತ್ತು ಹತ್ತಲು ಒಪ್ಪುವುದಿಲ್ಲ. ದಪ್ಪ ಗಾಲಿಯ ಗುಡ್ಡದ ಸೈಕಲ್ಲೇ ನಮಗೆಲ್ಲ ಗತಿ. ತೋಳು ಉದ್ದವಾದವರಿಗೆ ಹಳೆಯ ಹ್ಯಾಂಡಲ್ ಆಗಿಬರುವುದಿಲ್ಲ. ಮೊಣಕೈ ಮಡಚಿ ಪಕ್ಕೆಗೆ ಒತ್ತುತ್ತದೆ, ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ. ಆಗ ಹ್ಯಾಂಡಲಿನ ಎರಡೂ ತುದಿಗೆ ತುಂಡು ಹಾಕಿಸಬೇಕು. ದಾವಲಸಾಬ ಹಿಡಿಯ ರಬ್ಬರು ಎಳೆದು ತೆಗೆದು, ಅಲ್ಯೂಮಿನಿಯಂ ತುಂಡಿನ ಅರ್ಧವನ್ನು ಕೊಳವೆಯೊಳಗೆ ತೂರಿಸಿ, ತುದಿಯ ಬೋಲ್ಟು ತಿರುಗಿಸುತ್ತಾನೆ. ಬೋಲ್ಟು ಬಿಗಿಯಾದಂತೆ ಒಳಗಿನ ಭಾಗ ಉಬ್ಬಿ ಕೊಳವೆಯನ್ನು ಕಚ್ಚಿಕೊಳ್ಳುತ್ತದೆ, ಹೊರಗಿನ ಅರ್ಧಕ್ಕೆ ಮತ್ತೆ ರಬ್ಬರು ಏರುತ್ತದೆ. ಆಮೇಲೆ ಬ್ರೇಕನ್ನು ಆಚೆ ಸರಿಸಿ, ಅದಕ್ಕೆ ಉದ್ದನೆಯ ವೈರು ಹಾಕಬೇಕು. ಒಮ್ಮೆ ಹಾಕಿದ ತುಂಡನ್ನು ಅವನು ಯಾರಿಗೂ ತೆಗೆದುಕೊಟ್ಟಿಲ್ಲ, ಯಾರೂ ತೆಗೆ ಎಂದು ಕೇಳಿಯೂ ಇಲ್ಲ.

ಹಾಗಾಗಿ ನಮ್ಮಲ್ಲಿ ಸಾವಿನ ಸುದ್ದಿಯನ್ನು ಸತ್ತರು ಎಂದು ಹೇಳುವುದಿಲ್ಲ. ಇಂಥವರ ಮನೆಯಲ್ಲಿ ತುಂಡು ಹಾಕಿಸಿದರು ಎನ್ನುತ್ತೇವೆ. ಇಕ್ಕಟ್ಟಿನ ದಾರಿಯಲ್ಲಿ ಇಬ್ಬರು ಎದುರಾದರೆ ಯಾರ ಹ್ಯಾಂಡಲ್ ಗಿಡ್ಡವೋ ಅವರು ಇಳಿದು ದಾರಿ ಬಿಡಬೇಕು. ಹೆಣ್ಣು ನೋಡಲು ಬಂದವರ ಸೈಕಲ್ಲನ್ನು ಹೆಣ್ಣಿನ ಕಡೆಯವರು ಮೊದಲು ನೋಡುತ್ತಾರೆ. ಹಿಂದೆ ಒಬ್ಬ ಮಹರಾಯನಿಗೆ ಚಿಕ್ಕಪ್ಪ ಸತ್ತಾಗ ಕೂದಲೆಳೆಯಷ್ಟೂ ಬೆಳೆಯದ ತೋಳು ಎಮ್ಮೆ ಸತ್ತಾಗ ಬೆಳೆದುಬಿಟ್ಟಿತು. ಚಿಕ್ಕಮ್ಮ ಇಂದಿಗೂ ಅವನ ಮನೆಯ ನೀರು ಮುಟ್ಟುವುದಿಲ್ಲ. ನನ್ನ ತೋಳೂ ಗಂಡನಿಗೆಂದು ಒಂದಿಷ್ಟು ಬೆಳೆದಿದೆ, ಇನ್ನೊಬ್ಬರಿಗೆಂದು ಮತ್ತೂ ಒಂದಿಷ್ಟು. ಆ ಇನ್ನೊಬ್ಬರು ಯಾರೆಂದು ಕೇಳಬೇಡಿ.

ಹೊನ್ನವ್ವ ನನ್ನ ಪಕ್ಕದ ಮನೆಯ ಸೊಸೆ. ಅವರ ಅಂಗಳಕ್ಕೂ ನನ್ನ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ ಮಾತ್ರ. ಖಣಿಯ ಕೆಲಸಗಾರರಿಗೆ ಬುತ್ತಿ ಒಯ್ಯುವುದು ಅವಳ ಕೆಲಸ. ಬೆಳಿಗ್ಗೆ ಮನೆಮನೆಯಿಂದ ರೊಟ್ಟಿ ಗಂಟು ಎತ್ತಿಕೊಂಡು ಮೇಲೆ ಹತ್ತುತ್ತಾಳೆ, ಮಧ್ಯಾಹ್ನ ಖಾಲಿ ಡಬ್ಬಿಗಳ ಸದ್ದು ಮಾಡುತ್ತ ಇಳಿಯುತ್ತಾಳೆ. ಗಂಡ ಸಿದ್ರಾಮ ಕಣಿವೆಯಾಚೆಯ ಊರುಗಳಿಗೆ ಉಪ್ಪು, ಬೆಂಕಿಪೊಟ್ಟಣ ಒಯ್ದು ಮಾರುತ್ತಿದ್ದ. ಬಾಯಿ ಜೋರು, ಮನಸ್ಸು ಮೆತ್ತಗೆ. ನನ್ನ ಅಂಗಡಿ ಮುಂದೆ ಹಾಯುವಾಗಲೆಲ್ಲ, 'ನೀಲಕ್ಕಾ, ನನ್ನ ಅಂಗಿ ತೋಳಿನ ಮಡಿಕಿ ಬಿಚ್ಚಿ ಚಡ್ಡಿಗೆ ಹಚ್ಚು, ನಮ್ಮನ್ಯಾಗ ಯಾರೂ ಸಾಯಂಗಿಲ್ಲ' ಎಂದು ಕೂಗಿ ಹೋಗುತ್ತಿದ್ದ. ಅವರಿಗೊಬ್ಬಳು ಪುಟ್ಟ ಮಗಳು, ಪಾರಿ. ಜೊತೆಗೆ ಸಿದ್ರಾಮನ ತಾಯಿ ಭರಮವ್ವ, ಅಣ್ಣ ಕರಬಸಪ್ಪ.

ಮಂಜು ಬೀಳುವ ಕಾಲದಲ್ಲಿ ಒಂದು ದಿನ ಕಣಿವೆಗೆ ಹೋದ ಸಿದ್ರಾಮ ತಿರುಗಿ ಬರಲಿಲ್ಲ. ಹುಡುಕಲು ಹೋದವರಿಗೆ ಸಿಕ್ಕಿದ್ದು ಅವನ ಸೈಕಲ್ಲು ಮಾತ್ರ. ದಾರಿಯ ಬದಿಯ ಬಂಡೆಗೆ ಒರಗಿಸಿಟ್ಟಿತ್ತು. ಉಪ್ಪಿನ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಬಿದ್ದ ಗುರುತಿಲ್ಲ, ರಕ್ತವಿಲ್ಲ, ಚಪ್ಪಲಿಯೂ ಇಲ್ಲ. ಕೆಳಗೆ ಪ್ರಪಾತ. ಅಲ್ಲಿಗೆ ಇಳಿದು ನೋಡಿದವರು ಯಾರೂ ಇಲ್ಲ, ಇಳಿದವರು ಹೇಳಲು ಬಂದದ್ದೂ ಇಲ್ಲ.

ಮೊದಲು ಬೆಳೆದದ್ದು ಭರಮವ್ವನ ತೋಳು. ಹಿಟ್ಟು ನಾದಲು ಕೂತವಳು ಮೇಲೆ ಸರಿಸಿದ ಬಳೆಗಳು ಮೊಣಕೈ ಮುಟ್ಟದೆ ಮುಂಗೈಯ ನಡುವೆಯೇ ನಿಂತದ್ದು ನೋಡಿ ಮುದುಕಿ ಹಿಟ್ಟಿನ ಮೇಲೆಯೇ ಬೋರಲು ಬಿದ್ದು ಅತ್ತಳು. ಎರಡು ಬೆರಳು. ಕರಬಸಪ್ಪನದು ಒಂದು ಬೆರಳು. ಪಾರಿಯದು ಹೇಳಲಾಗುವುದಿಲ್ಲ, ಬೆಳೆಯುವ ಮಕ್ಕಳ ತೋಳು ಯಾತಕ್ಕೆ ಬೆಳೆಯಿತೆಂದು ಯಾರು ಹೇಳುತ್ತಾರೆ? ಹೊನ್ನವ್ವ ಮಾತ್ರ ಯಾರಿಗೂ ಕೈ ತೋರಿಸದೆ ಸೆರಗು ಹೊದ್ದು ತಿರುಗಾಡುತ್ತಿದ್ದಳು.

ತುಂಡು ಹಾಕಿಸುವ ದಿನದ ಹಿಂದಿನ ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡಳು.

'ಅಕ್ಕಾ, ಒಮ್ಮಿ ಅಳದು ನೋಡ್ರಿ.'

ಅಳೆದೆ. ಊರವರ ಅಳತೆಯೆಲ್ಲ ನನ್ನ ತಲೆಯಲ್ಲಿದೆ. ಮದುವೆಯ ಕುಪ್ಪಸಕ್ಕೆ ಅಳೆದಾಗ ಎಷ್ಟಿತ್ತೋ ಅಷ್ಟೇ ಇತ್ತು. ಇನ್ನೊಮ್ಮೆ ಅಳೆದೆ.

'ಬೆಳದಿಲ್ಲ, ಹೌದಲ್ಲ?' ಎಂದಳು. ಅವಳ ಮುಖದಲ್ಲಿ ಬೆಳಕು ಬಂದದ್ದು ನೋಡಿ ನನಗೆ ಗಾಬರಿಯಾಯಿತು. 'ಅವ್ರು ಅದಾರ ಅಕ್ಕಾ. ಎಲ್ಲೋ ಅದಾರ. ಸತ್ತಿದ್ರ ನನ್ನ ತೋಳು ಸುಮ್ನ ಇರ್ತಿದ್ದೂ?'

'ಮತ್ತ ನಿಮ್ಮ ಅತ್ತೀದು?'

'ಅತ್ತಿ ಹೆದರ್ಕೊಂಡು ಕೈ ಬಿಟ್ಟಾರ. ನಾ ಬಿಟ್ಟಿಲ್ಲ.' ಆಮೇಲೆ ನೆಲ ನೋಡುತ್ತ ಹೇಳಿದಳು: 'ಇವತ್ತ ಮುಂಜಾನಿ ಭಾವಾರು ಕರದು ಕುಂದ್ರಿಸಿ ಅಂದ್ರು. ಗಂಡಗ ಬೆಳೀದ ತೋಳಿನಾಕಿ ನಮ್ಮ ಮನಿಯಾಕಿ ಅಲ್ಲ, ನಾಳಿ ಊರ ಮುಂದ ನಿಂದು ಬೆಳದಿಲ್ಲ ಅಂತಾತು ಅಂದ್ರ ತವರಿಗೆ ನಡಿ ಅಂದ್ರು. ಪಾರಿ ನಮ್ಮ ವಂಶದ ಕೂಸು, ಇಲ್ಲೇ ಇರ್ತೈತಿ ಅಂದ್ರು.'

ಕರಬಸಪ್ಪ ಕೆಟ್ಟವನಲ್ಲ, ಅದೇ ಕಷ್ಟ. ಹೆಂಡತಿ ಸತ್ತಾಗ ಅವನ ತೋಳು ಒಂದೇ ವಾರದಲ್ಲಿ ಗೇಣುದ್ದ ಬೆಳೆದಿತ್ತು. ಹಾಗೆ ಸಂಕಟಪಟ್ಟವನಿಗೆ ಬೆಳೆಯದ ತೋಳು ಕಂಡರೆ ಮೈ ಉರಿಯದೆ ಇರುತ್ತದೆಯೆ? ಊರಿನ ಪದ್ಧತಿಯೂ ಅವನ ಕಡೆಗಿತ್ತು. ಮಗ ಹೋದ ಮನೆಯಲ್ಲಿ ಸೊಸೆ ಉಳಿಯಬೇಕಾದರೆ ಅವಳ ತೋಳು ಸಾಕ್ಷಿ ಹೇಳಬೇಕು. ಸಿದ್ರಾಮ ಬದುಕಿದ್ದಾನೆ ಎಂದು ವಾದ ಮಾಡಿದರೆ ಭರಮವ್ವನ ಎರಡು ಬೆರಳಿಗೆ ಏನು ಹೇಳುವುದು?

'ಬೆಳದೈತಿ ಅನ್ನು' ಎಂದೆ. 'ಅಳಿಯಾಕಿ ನಾನು. ನಾ ಹೇಳಿದ್ದ ಅಳತಿ. ತುಂಡು ಹಾಕಿಸ್ಕೊ, ಮಗಳನ್ನ ಉಳಿಸ್ಕೊ.'

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. 'ಹಂಗಂದ್ರ ನಾನ ಅವ್ರನ್ನ ಸಾಯಿಸಿದಂಗ ಆಗೂದಿಲ್ಲೇನ ಅಕ್ಕಾ?'

'ಬಾಯಿಲೆ ಅಂದ್ರ ಯಾರೂ ಸಾಯೂದಿಲ್ಲವಾ. ನೀ ಒಳಗ ನಂಬಿರು. ಹೊರಗ ಸೈಕಲ್ಲು ಅಗಲ ಆದ್ರ ಆಗ್ಲಿ. ಹ್ಯಾಂಡಲ್ಲಿಗೇನ್ ತಿಳೀತೈತಿ? ಲೋಹ ಅದು.'

ನಾನು ಹೇಳಿದ್ದು ನನಗೆ ಸರಿಯಾಗಿಯೇ ಕಂಡಿತು. ಮಗು ತಾಯಿಯ ಹತ್ತಿರ ಇರುತ್ತದೆ, ತಾಯಿಯ ನಂಬಿಕೆ ತಾಯಿಯ ಹತ್ತಿರ ಇರುತ್ತದೆ, ಇದರಲ್ಲಿ ಯಾರ ಗಂಟು ಹೋಯಿತು?

ಮರುದಿನ ದಾವಲಸಾಬನ ಅಂಗಡಿ ಮುಂದೆ ಜನ ಸೇರಿದರು. ಪದ್ಧತಿಯ ಪ್ರಕಾರ ಕಂಬಳಿ ಹಾಸಿ, ಸೈಕಲ್ಲುಗಳನ್ನು ಅದರ ಮೇಲೆ ನಿಲ್ಲಿಸಿ, ಬಂದವರಿಗೆಲ್ಲ ಒಂದೊಂದು ಚೂರು ಬೆಲ್ಲ ಕೊಟ್ಟರು. ಮನೆಯವರು ಒಬ್ಬೊಬ್ಬರಾಗಿ ನನ್ನ ಮುಂದೆ ತೋಳು ಚಾಚಿ ನಿಲ್ಲಬೇಕು. ಈ ಕೈಯ ಬೆರಳ ತುದಿಯಿಂದ ಬೆನ್ನ ಮೇಲೆ ಹಾಯ್ದು ಆ ಕೈಯ ಬೆರಳ ತುದಿಯವರೆಗೆ ಟೇಪು ಎಳೆದು ನಾನು ಗಟ್ಟಿಯಾಗಿ ಹೇಳಬೇಕು. ಭರಮವ್ವ, ಎರಡು ಬೆರಳು. ಕರಬಸಪ್ಪ, ಒಂದು ಬೆರಳು. ಹೊನ್ನವ್ವ ಬಂದು ನಿಂತಳು. ಬೆನ್ನ ಹಿಂದೆ ಟೇಪನ್ನು ಸ್ವಲ್ಪ ಸಡಿಲ ಬಿಟ್ಟು, 'ಎರಡು ಬೆರಳು' ಎಂದು ಕೂಗಿದೆ. ಕರಬಸಪ್ಪ ಅಲ್ಲಿಯೇ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತ. ಭರಮವ್ವ ಅಳಲಿಲ್ಲ. ಸೊಸೆಯ ಕೈಯನ್ನೇ ನೋಡುತ್ತಿದ್ದಳು. ಸೀರೆಯ ಮೇಲೆ ತೊಟ್ಟ ಅಂಗಿಯ ತೋಳಿನ ಮಡಿಕೆಯನ್ನು ನಾನು ಹಿಂದಿನ ದಿನವೇ ಬಿಚ್ಚಿ ಉದ್ದ ಮಾಡಿದ್ದರಿಂದ ಹೊನ್ನವ್ವನ ಬೆರಳುಗಳಷ್ಟೇ ಹೊರಗೆ ಕಾಣುತ್ತಿದ್ದವು.

ತುಂಡಿನ ಬೋಲ್ಟು ಬಿಗಿಮಾಡಿ ದಾವಲಸಾಬ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿ ನೋಡಿದ. ಇಡೀ ಆಯುಷ್ಯ ಇದನ್ನೇ ಮಾಡಿದವನು, ಅವನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೆ? ಜನ ಬೆಲ್ಲ ತಿನ್ನುತ್ತ ಚದುರುವವರೆಗೂ ಸುಮ್ಮನಿದ್ದು, ಆಮೇಲೆ ಸೀಟನ್ನು ತುಸು ಮುಂದಕ್ಕೆ ಸರಿಸಿದ.

'ಮಗಳ, ಇದು ನಿನ್ನ ತೋಳಿಗೆ ದೊಡ್ಡದಾತು' ಎಂದ, ತಗ್ಗಿದ ದನಿಯಲ್ಲಿ. 'ಇಳಿಜಾರದಾಗ ಎದಿ ಮುಂದ ಬಗ್ತೈತಿ. ಭುಜ ಹಿಡ್ಕೊಂತಾವ. ಹೌದಿಲ್ಲೊ ನೋಡು.'

'ಹಿಡ್ಕೊಂಡ್ರ ಹಿಡ್ಕೊಳ್ಳಲಿ ಚಾಚಾ' ಎಂದಳು ಹೊನ್ನವ್ವ. 'ಅವ್ರು ಬಂದ ಮ್ಯಾಲೆ ಇದನ್ನ ತಗದು ಕೊಡ್ರಿ.'

ದಾವಲಸಾಬ ನನ್ನ ಕಡೆ ನೋಡಿದ, ನಾನು ರಸ್ತೆಯ ಕಡೆ ನೋಡಿದೆ.

ಅಂದಿನಿಂದ ಆ ಹುಡುಗಿ ಪಟ್ಟ ಪಾಡು ನನ್ನ ಕಣ್ಣೆದುರಿಗಿದೆ. ಚಿಕ್ಕವರು ದೊಡ್ಡವರ ಕುರ್ಚಿಯಲ್ಲಿ ಕೂತ ಹಾಗೆ ಆ ಸೈಕಲ್ಲಿನ ಮೇಲೆ ಕಾಣುತ್ತಿದ್ದಳು. ತೋಳು ಎರಡೂ ಕಡೆ ಬಿಗಿದು, ಕತ್ತು ಮುಂದೆ ಚಾಚಿ, ಬೆನ್ನ ಮೇಲೆ ಬುತ್ತಿಯ ಹೊರೆ. ಹತ್ತುವಾಗ ಹೇಗೋ ಆಗುತ್ತಿತ್ತು. ಇಳಿಯುವಾಗ ತಿರುವಿನಲ್ಲಿ ಹ್ಯಾಂಡಲಿನ ಒಂದು ತುದಿ ಕೈಗೆ ಸಿಕ್ಕರೆ ಇನ್ನೊಂದು ತುದಿ ಜಾರುತ್ತಿತ್ತು. ಎರಡು ಸಲ ಬಿದ್ದು ಮೊಣಕೈ ಕೆತ್ತಿಕೊಂಡು ಬಂದಳು. ಖಾಲಿ ಡಬ್ಬಿಗಳು ಹೊಳೆಯವರೆಗೂ ಉರುಳಿಹೋದವಂತೆ. ಹೆಂಗಸರು ಕನಿಕರಪಟ್ಟರು, 'ಪಾಪ, ಗಂಡನ ಚಿಂತಿಯೊಳಗ ದಾರಿ ಕಾಣವಲ್ದು' ಎಂದರು. ಇಕ್ಕಟ್ಟಿನಲ್ಲಿ ಎದುರಾದವರು ಇಳಿದು ದಾರಿ ಬಿಟ್ಟರೆ ಅವಳಿಗೆ ನಾಚಿಕೆಯಾಗುತ್ತಿತ್ತು. ತನ್ನದಲ್ಲದ ಮರ್ಯಾದೆ ತೆಗೆದುಕೊಂಡ ಹಾಗೆ ತಲೆ ತಗ್ಗಿಸಿ ದಾಟುತ್ತಿದ್ದಳು.

ಆದರೆ ನನ್ನ ಅಂಗಡಿಯಲ್ಲಿ ಕೂತಾಗ ಮಾತ್ರ ಭುಜ ಒತ್ತಿಕೊಳ್ಳುತ್ತ ನಗುತ್ತಿದ್ದಳು. 'ನೋವು ಭಾಳ ಐತಿ ಅಕ್ಕಾ' ಎನ್ನುವಾಗ ಒಳ್ಳೆಯ ಸುದ್ದಿ ಹೇಳುವವರ ದನಿ ಇರುತ್ತಿತ್ತು. ನೋವಿದೆ ಎಂದರೆ ತೋಳು ಗಿಡ್ಡವಿದೆ, ತೋಳು ಗಿಡ್ಡವಿದೆ ಎಂದರೆ ಅವನಿದ್ದಾನೆ. ಎಲ್ಲಿದ್ದಾನೆ, ಯಾಕೆ ಬರಲಿಲ್ಲ ಎಂದು ನಾನು ಕೇಳುತ್ತಿರಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದರೂ ಸರಿಯೇ.

ಹೀಗೆ ಬೇಸಿಗೆ ಕಳೆಯಿತು, ಮಳೆ ಕಳೆಯಿತು, ಮತ್ತೆ ಮಂಜು ಬೀಳತೊಡಗಿತು. ಪಾರಿ ಅಪ್ಪನನ್ನು ಕೇಳುವುದನ್ನು ಬಿಟ್ಟು ಬೆಕ್ಕಿನ ಮರಿ ಕೇಳತೊಡಗಿದಳು. ಕರಬಸಪ್ಪ ಹೊನ್ನವ್ವನನ್ನು ತಂಗಿಯ ಹಾಗೆ ನೋಡಿಕೊಳ್ಳುತ್ತಿದ್ದ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಖಣಿಯಲ್ಲಿ ಹೊಸ ಜನ ಸೇರಿದ್ದರಿಂದ ಬುತ್ತಿಯ ಗಂಟುಗಳೂ ಹೆಚ್ಚಾದವು. ಮೊದಲೆಲ್ಲ ದಾರಿ ಕಡೆ ಕಣ್ಣಿಟ್ಟು ಕೂರುತ್ತಿದ್ದವಳಿಗೆ ಈಗ ಕೂರಲಿಕ್ಕೇ ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಡಬ್ಬಿಗಳ ಸದ್ದು ಮಾಡುತ್ತ ಇಳಿದು ಬಂದವಳು ಸೈಕಲ್ಲು ನಿಲ್ಲಿಸಿ ಒಳಗೆ ಬಂದಳು. ಸೀರೆಯ ಮೇಲೆ ತೊಡುವ ತುಂಬುತೋಳಿನ ಅಂಗಿ ಮೊಣಕೈಯಲ್ಲಿ ಹರಿದಿತ್ತು, ಹೊಸದು ಬೇಕಿತ್ತು. ಕೂತಳು, ನೀರು ಕುಡಿದಳು, ಖಣಿಯ ಮೇಸ್ತ್ರಿ ರೊಟ್ಟಿ ಗಟ್ಟಿಯಾಯಿತೆಂದು ಹೆಂಡತಿಯ ಮೇಲಿನ ಸಿಟ್ಟನ್ನು ತನ್ನ ಮೇಲೆ ತೀರಿಸಿಕೊಂಡದ್ದನ್ನು ಅವನ ದನಿಯಲ್ಲೇ ಹೇಳಿ ನಗಿಸಿದಳು. ನಾನು ನಗುತ್ತಲೇ ಟೇಪು ತೆಗೆದುಕೊಂಡೆ.

'ಭುಜ ಹೆಂಗ ಅದಾವ?' ಎಂದೆ, ಯಾವಾಗಲೂ ಕೇಳುವ ಹಾಗೆ.

'ಈಗ ರೂಢಿ ಆತು ಅಕ್ಕಾ. ನೋಯೂದ ಇಲ್ಲ. ಸೈಕಲ್ಲು ಹೂವಿನಂಗ ಬರ್ತೈತಿ.'

ಭುಜಕ್ಕೆ ರೂಢಿಯಾಗಬಹುದು, ಕಷ್ಟಕ್ಕೆ ರೂಢಿಯಾಗಬಹುದು, ಆದರೆ ಎರಡು ಬೆರಳು ದೂರವಿರುವ ಹಿಡಿ ರೂಢಿಯಾದರೆ ಹತ್ತಿರ ಬರುತ್ತದೆಯೆ? ಅಳೆಯುವುದೇ ಬೇಡ, ಹಳೆಯ ಅಳತೆಗೇ ಹೊಲಿಯುತ್ತೇನೆ ಎನ್ನೋಣವೆಂದುಕೊಂಡೆ. ಅಷ್ಟರಲ್ಲಿ ಅವಳು ಎದ್ದು ತೋಳು ಚಾಚಿ ನಿಂತಿದ್ದಳು. ಟೇಪು ಎಳೆದೆ. ಸಡಿಲ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಅಂದು ಊರ ಮುಂದೆ ನಾನು ಕೂಗಿದ ಸುಳ್ಳು ನಿಜವಾಗಿ ನನ್ನ ಕೈಯಲ್ಲಿತ್ತು.

ಟೇಪನ್ನು ಮಡಚಿ ಬದಿಗಿಟ್ಟೆ. ಆದರೆ ಮುಖಕ್ಕೆ ಮಡಿಕೆ ಹಾಕುವುದು ನನಗೆ ಬರುವುದಿಲ್ಲ.

'ಎಷ್ಟು?' ಎಂದಳು.

'ಎರಡು ಬೆರಳು.'

ಅವಳು ತೋಳು ಇಳಿಸಲಿಲ್ಲ. ಹಾಗೇ ಚಾಚಿಕೊಂಡು ನಿಂತು ಒಮ್ಮೆ ಬಲಗೈ ನೋಡಿದಳು, ಒಮ್ಮೆ ಎಡಗೈ ನೋಡಿದಳು. ಆಮೇಲೆ ನಾನೇ ಹಿಡಿದು ಇಳಿಸಿ ಕೂರಿಸಿದೆ.

'ಇದು ಅವ್ರು ಈಗ ಹೋಗಿದ್ದೇನು, ನಾ ಈಗ ಬಿಟ್ಟಿದ್ದೇನು?' ಎಂದು ಕೇಳಿದಳು.

ನನಗೇನು ಗೊತ್ತು? ಇಷ್ಟು ವರ್ಷ ಅಳೆದಿದ್ದೇನೆ, ಟೇಪು ಎಷ್ಟೆಂದು ಹೇಳುತ್ತದೆ, ಯಾಕೆಂದು ಯಾವತ್ತೂ ಹೇಳಿಲ್ಲ.

'ಯಾವತ್ತ ಆತಿದು?' ಎಂದು ತನ್ನನ್ನೇ ಕೇಳಿಕೊಳ್ಳತೊಡಗಿದಳು. 'ಹಬ್ಬದಾಗ ನೋಯ್ತಿತ್ತು. ಖರೇನ ನೋಯ್ತಿತ್ತು. ಆಮ್ಯಾಲೆ ಪಾರಿಗೆ ಜ್ವರ ಬಂತು. ಆಮ್ಯಾಲೆ ಖಣಿಗೆ ಹೊಸಾ ಮಂದಿ ಬಂದ್ರು... ವಾರಾ ವಾರಾ ಅವ್ರ ಸೈಕಲ್ಲಿಗೆ ಗಾಳಿ ಹೊಡೀತಿದ್ದೆ ಅಕ್ಕಾ, ಬಂದ ಕೂಡ್ಲೆ ಹತ್ತಬೇಕಲ್ಲ ಅಂತ. ಯಾವ ವಾರ ಮರತ್ನೋ, ಅದೂ ನೆನಪಿಲ್ಲ. ಅವತ್ತ ನಾ ಏನ್ ಮಾಡಾಕತ್ತಿದ್ದೆ? ನಗಾಕತ್ತಿದ್ನೇನ?'

ಅವಳಿಗೆ ಬೇಕಾಗಿದ್ದದ್ದು ಒಂದು ದಿನ ಮಾತ್ರ. ಗಂಡ ಹೋದ ದಿನ ಎಂದು ಇಟ್ಟುಕೊಳ್ಳಲು, ವರ್ಷಕ್ಕೊಮ್ಮೆ ಒಂದು ದೀಪ ಹಚ್ಚಲು. ಅದೂ ಅವಳಿಗೆ ದಕ್ಕಲಿಲ್ಲ. ಊರಿಗೆಲ್ಲ ಸಿದ್ರಾಮ ಸತ್ತ ದಿನ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಲೋಹಕ್ಕೇನು ತಿಳಿಯುತ್ತದೆ ಎಂದಿದ್ದೆನಲ್ಲ. ದಿನವೂ ಹಿಡಿ ಹಿಡಿದು ಹಿಡಿದು ಕೈ ಅದರ ಮಾತು ಕೇಳಿತೋ, ಇಲ್ಲ ಯಾವುದೋ ಊರಿನಲ್ಲಿ ನಿಜವಾಗಿಯೂ ಅವನ ಉಸಿರು ನಿಂತಿತೋ, ದೇವರಿಗೇ ಗೊತ್ತು.

ಹೊನ್ನವ್ವ ಅಳುತ್ತಾಳೆಂದು ಕಾದೆ. ಅಳಲಿಲ್ಲ. ಏನೋ ನೆನಪಾದವಳ ಹಾಗೆ ತಟ್ಟನೆ ನನ್ನ ಮುಂಗೈ ಹಿಡಿದಳು.

'ಅಕ್ಕಾ, ಅತ್ತೀಗೆ ಗೊತ್ತಾಗೇತಿ.'

'ಏನು?'

'ಅವ್ರಿಗೆ ಮೊದ್ಲಿಂದನೂ ಗೊತ್ತಿತ್ತು, ನಂದು ಬೆಳದಿಲ್ಲ ಅಂತ. ದಿನಾ ಸಂಜಿಗೆ ಔಡಲೆಣ್ಣಿ ಕಾಸಿ ನನ್ನ ಭುಜಾ ತಿಕ್ತಾರ. ಬ್ಯಾರೆ ಏನೂ ಕೇಳೂದಿಲ್ಲ. ನೋವೈತೇನವಾ ಅಂತಾರ, ಐತ್ರಿ ಅಂತೀನಿ. ಅಷ್ಟಕ್ಕ ಅವ್ರ ಮಾರಿ ಅರಳ್ತಿತ್ತು. ನೋವಿದ್ರ ಇವ್ರಿಗ್ಯಾಕ ಖುಷಿ ಅಂತ ನನಗ ಸಿಟ್ಟೂ ಬರ್ತಿತ್ತು. ಎಷ್ಟು ದಿನ ಬರೇ ರೂಢಿ ಮ್ಯಾಲ ಐತ್ರಿ ಅಂದ್ನೋ, ಮೊನ್ನಿ ಲಕ್ಷ ಬಂತು, ಈಗ ನೋವಿಲ್ರಿ ಅತ್ತಿ ಅಂದೆ. ಎಣ್ಣಿ ಬಟ್ಲ ಅಲ್ಲೇ ಬಿಟ್ಟು ಎದ್ದು ಹೋದ್ರು. ಅವತ್ತಿಂದ ತುತ್ತು ಎತ್ತಿಲ್ಲ. ಹೊಟ್ಟಿ ಸರಿ ಇಲ್ಲ ಅಂತಾರ.'

ಮುದುಕಿಯ ತೋಳು ಮೊದಲ ವಾರವೇ ಬೆಳೆದಿತ್ತು. ತನ್ನದು ಬೆಳೆದ ಮೇಲೂ ಅವಳು ಸೊಸೆಯ ನೋವಿನ ಮೇಲೆ ಒಂದು ವರ್ಷ ಬದುಕಿದ್ದಳು. ತನ್ನ ತೋಳು ಸುಳ್ಳು, ಈ ಹುಡುಗಿಯದು ನಿಜ ಎಂದುಕೊಂಡಿದ್ದಳೋ ಏನೋ. ಆ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಹೇಳದೆ ಕಾಪಾಡಿಕೊಂಡು ಬಂದಿದ್ದರು, ಪಕ್ಕದಲ್ಲೇ ಇದ್ದ ನನಗೆ ಅದರ ವಾಸನೆಯೂ ಬಡಿದಿರಲಿಲ್ಲ.

ಹೊನ್ನವ್ವ ಅಂಗಿಯ ಬಟ್ಟೆ ಅಲ್ಲೇ ಬಿಟ್ಟು ಎದ್ದಳು. ಸೈಕಲ್ಲಿನ ಹಿಡಿ ಮುಟ್ಟುವ ಮೊದಲು ಒಂದು ಕ್ಷಣ ನಿಂತಳು. ಆಮೇಲೆ ಕೈ ಇಟ್ಟಳು. ಎರಡೂ ಕೈ ತಮ್ಮ ಜಾಗದಲ್ಲಿ ಹೋಗಿ ಕೂತವು.

ಸಂಜೆ ಹಿತ್ತಿಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಭರಮವ್ವ ಕಟ್ಟೆಯ ಮೇಲೆ ಕೂತಿದ್ದಳು. ಉಪವಾಸದಿಂದ ಮುಖ ಇಳಿದುಹೋಗಿತ್ತು. ಹೊನ್ನವ್ವ ಒಳಗಿನಿಂದ ತಾನೇ ಎಣ್ಣೆ ಕಾಸಿ ಬಟ್ಟಲಿನಲ್ಲಿ ತಂದು ಅತ್ತೆಯ ಮುಂದಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಳು. ಭರಮವ್ವ ಬಟ್ಟಲು ನೋಡಿದಳು, ಮುಟ್ಟಲಿಲ್ಲ.

'ಯಾಕವಾ?' ಎಂದಳು. ಆಮೇಲೆ ಕೇಳಲೋ ಬೇಡವೋ ಎನ್ನುವ ಹಾಗೆ, 'ಇವತ್ತರ ನೋವೈತೇನು?'

'ಐತ್ರಿ ಅತ್ತಿ' ಎಂದಳು ಹೊನ್ನವ್ವ. 'ಎರಡು ದಿನ ಬಿಟ್ಟಿತ್ತು ನೋಡ್ರಿ, ಇವತ್ತ ತಡಕೊಳ್ಳಾಕ ಆಗವಲ್ದು. ಭುಜಾ ಹರದು ಹೋಗಾಕತ್ತಾವ.'

ಮುದುಕಿ ಎಣ್ಣೆಯಲ್ಲಿ ಬೆರಳದ್ದಿದಳು. ಭುಜದಿಂದ ಶುರುಮಾಡಿ ಕೆಳಗೆ ತಿಕ್ಕುತ್ತ ಬಂದಳು. ವರ್ಷವಿಡೀ ಅದೇ ತೋಳನ್ನು ತಿಕ್ಕಿದ ಅಂಗೈ, ಅದಕ್ಕೆ ತಿಳಿಯದೆ ಇರುತ್ತದೆಯೆ? ಮಣಿಕಟ್ಟಿನ ಹತ್ತಿರ ಬಂದಾಗ ಆ ಕೈ ಸ್ವಲ್ಪ ಹೊತ್ತು ನಿಂತಿತು. ಹೊನ್ನವ್ವ ಹಿಂದೆ ತಿರುಗಲಿಲ್ಲ, ನೋವಾದವರ ಹಾಗೆ ಹಲ್ಲು ಕಚ್ಚಿ ಉಸಿರೆಳೆದಳು.

ಭರಮವ್ವ ಮತ್ತೆ ಮೇಲಿನಿಂದ ತಿಕ್ಕತೊಡಗಿದಳು. 'ಹಂಗಾರ ಚೊಲೋ ಆತು ಬಿಡು' ಎಂದಳು.